ಬಸವಲಿಂಗನ ರಾಕೆಟ್ ವರದಿ

ನಮ್ಮ ಬಸವಲಿಂಗನಿಗೆ ಒಂದು ಕಾಯಿಲೆ ಇದೆ. "ಗೊತ್ತಿಲ್ಲ" ಎಂಬ ಮಾತು ಅವನ ಬಾಯಿಂದ ಹೊರಡುವುದೇ ಇಲ್ಲ. ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನದು ಸ್ಟೀಲ್ ಪಾತ್ರೆ ಅಂಗಡಿ, ಪಕ್ಕದಲ್ಲೇ ನನ್ನದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ನಡುವೆ ಇರುವುದು ಒಂದೇ ಗೋಡೆ, ಅದೂ ಮೇಲೆ ಒಂದು ಮೊಳ ಖಾಲಿ. ಹಾಗಾಗಿ ಹನ್ನೆರಡು ವರ್ಷದಿಂದ ಅವನ ಸುಳ್ಳೆಲ್ಲ ಮೊದಲು ನನ್ನ ಕಿವಿಗೇ ಬೀಳುತ್ತದೆ. ಸುಳ್ಳು ಎಂದರೆ ತಪ್ಪಾದೀತು. ಯಾರಾದರೂ ಏನಾದರೂ ಕೇಳಿದರೆ ಅವರನ್ನು ಬರಿಗೈಲಿ ಕಳಿಸಲು ಅವನಿಗೆ ಮನಸ್ಸು ಬಾರದು, ಅಷ್ಟೇ. ಸೈದಾಪುರದಲ್ಲಿ ರೈಲು ಎಷ್ಟು ಹೊತ್ತಿಗೆ ಎಂದು ಕೇಳಿದ ಒಬ್ಬನಿಗೆ ವೇಳೆಯ ಜೊತೆಗೆ ಯಾವ ಡಬ್ಬಿಯಲ್ಲಿ ಸೀಟು ಸಿಗುತ್ತದೆ ಎಂಬುದನ್ನೂ ಹೇಳಿ ಕಳಿಸಿದ್ದ. ಆ ಮನುಷ್ಯ ರೈಲು ತಪ್ಪಿಸಿಕೊಂಡು ವಾಪಸ್ ಬಂದು ಜಗಳ ತೆಗೆದದ್ದು ಮಾತ್ರ ನನ್ನ ಅಂಗಡಿಯ ಮುಂದೆ.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ವೀಡಿಯೊ ನೋಡುವುದು ಅವನ ಚಟ. ಒಂದು ವರ್ಷ ಮಿಕ್ಸರ್ ನೋಡಿದ, ಆರು ತಿಂಗಳು ಟ್ರ್ಯಾಕ್ಟರ್ ನೋಡಿದ, ಆಮೇಲೆ ಬ್ಯಾಡ್ಮಿಂಟನ್ ರಾಕೆಟ್ಟಿಗೆ ಬಂದು ನಿಂತ. ಯಾವ ರಾಕೆಟ್ ಬಿಗಿ, ಯಾವುದು ಬಾಗುತ್ತದೆ, ಯಾವುದರ ತಲೆ ಭಾರ, ಯಾವುದಕ್ಕೆ ಎಷ್ಟು ಪೌಂಡ್ ಬಿಗಿಯಲ್ಲಿ ಗಟ್ ದಾರ ಹಾಕಬೇಕು, ಎಲ್ಲವೂ ಬಾಯಿಪಾಠ. ರಾಕೆಟ್ ಕೈಯಲ್ಲಿ ಹಿಡಿದದ್ದು ಮಾತ್ರ ಇಲ್ಲ. ಹೊಟ್ಟೆ ಕರಗಲಿ ಎಂದು ಹೆಂಡತಿ ಕಸ್ತೂರಿ ಬೆಳಿಗ್ಗೆ ಆಟದ ಶೆಡ್ಡಿಗೆ ಅಟ್ಟಿದರೆ, ಈ ಮಹಾನುಭಾವ ಬೆಂಚಿನ ಮೇಲೆ ಕೂತು ಚಹಾ ಕುಡಿದು ಬರುತ್ತಿದ್ದ.

ಅಲ್ಲೊಂದು ದಿನ ನಮ್ಮೂರಿನ ಹಲ್ಲಿನ ಡಾಕ್ಟರು ಮೊಣಕೈ ತಿಕ್ಕುತ್ತ ಬಂದು ಪಕ್ಕದಲ್ಲಿ ಕೂತರು. ಬಸವಲಿಂಗ ಅವರ ರಾಕೆಟ್ ತೆಗೆದುಕೊಂಡು, ಗಿರಾಕಿಗೆ ಕೊಡ ತೋರಿಸುವಾಗ ಬಡಿಯುವಂತೆ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೆ ಹಿಡಿದ.

"ಡಾಕ್ಟರ್ರ, ಇದು ಭಾಳ ಬಿಗಿ ಅದರಿ. ಪೆಟ್ಟೆಲ್ಲಾ ನಿಮ್ಮ ಮೊಣಕೈಗೆ ಬರಾಕತ್ತದ. ಜರಾ ಬಾಗೂದು ತಗೋರಿ."

ಡಾಕ್ಟರು ಬೇರೆ ರಾಕೆಟ್ ಕೊಂಡರು, ನೋವು ಹೋಯಿತು. ನಡುವೆ ಅವರು ಹತ್ತು ದಿನ ಬೀಗರ ಊರಿಗೆ ಹೋಗಿ, ಆಟ ಬಿಟ್ಟು, ಹೋಳಿಗೆ ತಿಂದು ಮಲಗಿದ್ದರೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ವಾರದಿಂದ ಬಸವಲಿಂಗನ ಅಂಗಡಿಗೆ ರಾಕೆಟ್ ಹಿಡಿದವರ ದಂಡು. ಸುರಪುರದಿಂದ ಇಬ್ಬರು ಬಸ್ಸು ಹತ್ತಿ ಬಂದರು. ರೊಟ್ಟಿ ಬಡಿದು ರಟ್ಟೆ ನೋಯಿಸಿಕೊಂಡ ಒಬ್ಬ ಮುದುಕಿಯಂತೂ ಬಂದು ತೋಳು ಚಾಚಿ ನಿಂತಳು. ಬಸವಲಿಂಗ ಅವಳಿಗೂ ಇಲ್ಲ ಅನ್ನಲಿಲ್ಲ, ರೊಟ್ಟಿ ಬಡಿಯುವ ಹಗುರವಾದ ಕೊಣಮಿಗೆಯೊಂದನ್ನು ಕೊಟ್ಟು ಕಳಿಸಿದ.

ಗೋಡೆಯ ಆಚೆಯಿಂದ ಕಸ್ತೂರಿಯ ದನಿ ಕೇಳುತ್ತಿತ್ತು. "ಮನ್ಯಾಗ ಹಿಟ್ಟಿನ ಡಬ್ಬಿ ಯಾವುದು, ಗಿರಣಿಗಿ ಹೋಗೋ ಜ್ವಾಳದ ಡಬ್ಬಿ ಯಾವುದು ಅಂತ ಗೊತ್ತಿಲ್ಲ. ಊರ ಮಂದಿ ರಾಕೆಟ್ ನೋಡಾಕತ್ಯಾರ ಇವ್ರು!"

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ಹೆಣ್ಣುಮಕ್ಕಳ ಹೈಸ್ಕೂಲಿನ ದೈಹಿಕ ಶಿಕ್ಷಕಿ ಅರ್ಜುಮಂದ ಮೇಡಂ ಬಂದರು. ಜೊತೆಗೆ ಗೋಗಿ ಗ್ರಾಮದ ಹುಡುಗಿ ಕಲ್ಪನಾ, ಹತ್ತನೇ ಕ್ಲಾಸು. ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಅವಳಪ್ಪ ಬೀರಣ್ಣ, ಕುರಿ ಸಾಕುವವನು. ಹುಡುಗಿ ಯಾದಗಿರಿಯ ಜಿಲ್ಲಾ ಪಂದ್ಯದಲ್ಲಿ ಸ್ಕೂಲಿನ ಹಳೇ ರಾಕೆಟ್ಟಿನಲ್ಲೇ ಗೆದ್ದು ಬಂದಿದ್ದಳು. ಗಟ್ ಮೂರು ಕಡೆ ಹರಿದು ಗಂಟು ಹಾಕಿದ ರಾಕೆಟ್ ಅದು. ಮುಂದಿನ ಸೋಮವಾರ ಕಲಬುರಗಿಯಲ್ಲಿ ವಿಭಾಗ ಮಟ್ಟದ ಪಂದ್ಯ. ಅಲ್ಲಿ ಆಯ್ಕೆಯಾದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಓದೂ ಆಟವೂ ಸರ್ಕಾರದ ಖರ್ಚಿನಲ್ಲಿ. ಆಗದಿದ್ದರೆ ಅವಳ ಆಟ ಹತ್ತನೇ ಕ್ಲಾಸಿಗೇ ಮುಗಿಯಿತು.

"ಆ ಗಂಟಿನ ರಾಕೆಟ್ ಹಿಡ್ಕೊಂಡು ಕಲಬುರಗಿಗಿ ಹೋಗಾಕ ಆಗಲ್ರಿ," ಎಂದರು ಮೇಡಂ. "ಜಗದೇವಪ್ಪ ಸಾವ್ಕಾರ್ರು ಒಂದು ಕೊಡಸ್ತೀನಿ ಅಂದಾರ. ಹೈದರಾಬಾದಿನ ಅಂಗಡಿಯಿಂದ ಎರಡು ತರಿಸ್ಯಾರ. ಒಂದು ಇಟ್ಕೊಂಡು ಇನ್ನೊಂದು ವಾಪಸ್ ಕಳಿಸಬೇಕು, ಒಂದು ಗೆರಿ ಬೀಳದಂಗ. ಯಾವುದು ಅಂತ ನೀವು ಹೇಳಬೇಕಂತ. ಸಾವ್ಕಾರ್ರದು ಒಂದೇ ಮಾತು, ಬಸವಲಿಂಗ ಬರದು ಕೊಟ್ರ ಅದನ್ನ ಕೊಡಸ್ತೀನಿ ಅಂತಾರ."

ಜಗದೇವಪ್ಪ ಸಾವ್ಕಾರರು ಹತ್ತಿ ವ್ಯಾಪಾರಿಗಳು, ದಾನಿಗಳು. ನಮ್ಮೂರಿನ ಮಠ, ಶಾಲೆ, ಆಸ್ಪತ್ರೆ ಎಲ್ಲಿ ತಲೆ ಎತ್ತಿ ನೋಡಿದರೂ ಫ್ಯಾನಿನ ರೆಕ್ಕೆಯ ಮೇಲೆ ಅವರ ಹೆಸರು ತಿರುಗುತ್ತಿರುತ್ತದೆ.

ಬಸವಲಿಂಗ ಈಗಲಾದರೂ ಬಾಯಿಬಿಟ್ಟು "ನನಗ ತಿಳಿಯಂಗಿಲ್ರಿ ಮೇಡಂ" ಅನ್ನಬಹುದಿತ್ತು. ನಾನು ಗೋಡೆಯ ಮೇಲಿಂದ ಇಣುಕಿ ಕಣ್ಸನ್ನೆಯನ್ನೂ ಮಾಡಿದೆ.

"ಮೂರು ದಿನ ಟೈಮ್ ಕೊಡ್ರಿ," ಎಂದ ಅವನು. "ಹಿತ, ಬಿಗುವು, ಬಾಳಿಕಿ, ಮೂರೂ ನೋಡಿ ವರದಿ ಕೊಡ್ತೀನಿ."

ಗಲ್ಲಾಪೆಟ್ಟಿಗೆಯ ಮೇಜಿನ ಮೇಲೆ ಹೊಸ ಟವಲ್ ಹಾಸಿ ಎರಡೂ ರಾಕೆಟ್ ಇಟ್ಟರು. ಒಂದು ಕೆಂಪು, ಹಿಡಿಕೆಗೂ ತಲೆಗೂ ನಡುವಿನ ಶಾಫ್ಟು ಕರಿಯದು. ಇನ್ನೊಂದು ನೀಲಿ, ಬೆಳ್ಳಿ ಬಣ್ಣದ ಶಾಫ್ಟು. ಕಲ್ಪನಾ ಮುಂದೆ ಬಂದು ನೀಲಿಗೆ ಕೈ ಚಾಚಿದಳು.

"ಮುಟ್ಟಬ್ಯಾಡವ್ವ, ಗೆರಿ ಬೀಳತದ!" ಎಂದು ಬಸವಲಿಂಗ ಗದರಿಸಿದ. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಆ ಎರಡು ರಾಕೆಟ್ಟನ್ನು ಓಣಿಯ ಮಂದಿಯೆಲ್ಲ ಮುಟ್ಟಿದರು, ಅವಳೊಬ್ಬಳನ್ನು ಬಿಟ್ಟು.

ಮೊದಲು ಹಿತದ ಪರೀಕ್ಷೆ. ಕಣ್ಣು ಮುಚ್ಚಿ ಹಿಡಿದು ಕೈಗೆ ಹೇಗನಿಸುತ್ತದೆ ಹೇಳಬೇಕು. ಬೀರಣ್ಣ ಕೆಂಪನ್ನು ಹಿಡಿದು ಎರಡು ಸಲ ಬೀಸಿದ.

"ನನ್ನ ಕುರಿ ಕೋಲಿನಷ್ಟೂ ತೂಕ ಇಲ್ಲಲ್ಲೋ ಬಸವಲಿಂಗಣ್ಣ. ಇದಕ್ಕ ಎರಡು ಟಗರಿನ ಬೆಲಿ?"

"ಹಗುರ ಇದ್ದಷ್ಟೂ ಬೆಲಿ ಜಾಸ್ತಿ ಬೀರಣ್ಣ."

"ಹಂಗಾರ ಸಂತ್ಯಾಗ ಬಡಕಲ ಕುರಿಗೆ ಯಾಕ ರೇಟ್ ಇಲ್ಲ?"

ಇದಕ್ಕೆ ಯಾವ ವೀಡಿಯೊದಲ್ಲೂ ಉತ್ತರ ಇರಲಿಲ್ಲ. ಬಸವಲಿಂಗ ಕೆಮ್ಮಿ ಮುಂದಿನ ಪರೀಕ್ಷೆಗೆ ಹೋದ. ಬಿಗುವಿನ ಪರೀಕ್ಷೆಗೆ ರಾಕೆಟ್ಟಿನ ತುದಿಗೆ ಹಿತ್ತಾಳೆ ತಂಬಿಗೆ ತೂಗುಹಾಕಿ ಎಷ್ಟು ಬಾಗುತ್ತದೆ ಎಂದು ಸ್ಕೇಲು ಹಿಡಿದು ಅಳೆದರು. ಕೆಂಪು ಅರ್ಧ ಬೆರಳು, ನೀಲಿ ಒಂದು ಬೆರಳು. ಅಷ್ಟರಲ್ಲಿ ಅಂಗಡಿಯ ಮುಂದೆ ಇಪ್ಪತ್ತು ಮಂದಿ ಕೂಡಿದ್ದರು. ಬಾಗದೆ ಇರುವುದೇ ಗಂಡಸುತನ ಎಂದು ಟೇಲರ್ ಒಬ್ಬ ವಾದ ತೆಗೆದ. ಬಾಗಿದರೇ ಬಾಳುತ್ತದೆ, ನಮ್ಮನೆ ಅತ್ತೀನ್ನ ನೋಡ್ರಿ, ಬಾಗದೆ ಎಷ್ಟು ಮಂದಿ ಕೂಡ ಜಗಳ ಕಟ್ಟಿಕೊಂಡಾಳ ಎಂದು ಹೂವಿನ ಅಂಗಡಿಯವಳು ತಿರುಗುಬಾಣ ಬಿಟ್ಟಳು. ಸಂಜೆಯ ಹೊತ್ತಿಗೆ ನಮ್ಮ ಓಣಿಯಲ್ಲಿ ಕೆಂಪು ಪಾರ್ಟಿ, ನೀಲಿ ಪಾರ್ಟಿ ಎಂದು ಎರಡಾಗಿ, ಚಹಾದ ಅಂಗಡಿಯ ಬೆಂಚುಗಳೂ ಬೇರೆ ಬೇರೆಯಾದವು. ಇವರಲ್ಲಿ ಒಬ್ಬರೂ ಶಟಲ್ ಮುಖ ಕಂಡವರಲ್ಲ.

ಬಾಳಿಕೆಯ ಪರೀಕ್ಷೆಯೇ ಕಷ್ಟ. ಎತ್ತಿ ಒಗೆದು ನೋಡುವ ಹಾಗಿಲ್ಲ. ಬಸವಲಿಂಗ ಎರಡನ್ನೂ ಬಿಸಿಲಿಗಿಟ್ಟ, ನೆರಳಿಗಿಟ್ಟ, ಬೆರಳಿನಿಂದ ಬಡಿದು ಸಪ್ಪಳ ಕೇಳಿದ. "ಎರಡೂ ಮಜಬೂತ ಅವ. ಮೊಮ್ಮಕ್ಕಳು ಆಡಬಹುದು," ಎಂದು ಘೋಷಿಸಿದ.

ಶುಕ್ರವಾರ ವರದಿ ಟೈಪ್ ಮಾಡಿಸಲು ನನ್ನ ಹತ್ತಿರ ಬಂದ. ಆ ವರದಿ ಇಂದಿಗೂ ನನ್ನ ಕಂಪ್ಯೂಟರಿನಲ್ಲಿದೆ. "ಹಿತದಲ್ಲಿ ಕೆಂಪು ಉತ್ತಮವಾಗಿದ್ದು ನೀಲಿಯೂ ಕಡಿಮೆಯಿರುವುದಿಲ್ಲ. ಬಿಗುವಿನಲ್ಲಿ ಕೆಂಪು ಹೆಚ್ಚು, ಆದರೆ ನೀಲಿ ಕಡಿಮೆ ಇರುವುದೇ ಅದರ ಗುಣ. ಬಾಳಿಕೆಯಲ್ಲಿ ಎರಡೂ ಸರಿಸಮ." ಕೊನೆಯ ಸಾಲು ಬರೆಯಲಾಗದೆ ಅವನು ನನ್ನ ಸ್ಟೂಲಿನ ಮೇಲೆ ಒಂದು ತಾಸು ಕೂತ. ಹಣೆಯಲ್ಲಿ ಬೆವರು.

"ಸಂಗಣ್ಣ, ಯಾವುದು ಬರೀಲಿ?"

"ನನ್ನೇನ್ ಕೇಳ್ತಿ? ಆ ಹುಡುಗಿ ಕೈಯಾಗ ಕೊಟ್ಟು ಕೇಳು."

"ಆಕಿಗೇನ್ ಗೊತ್ತಾಗತದೋ, ಸಣ್ಣ ಹುಡುಗಿ. ಇದು ಟೆಕ್ನಿಕಲ್ ವಿಷಯ."

ಸರಿ, ಅಷ್ಟರಲ್ಲಿ ಸಾವ್ಕಾರರೇ ಬಂದರು. ವರದಿಯನ್ನು ಓದುವ ಗೋಜಿಗೆ ಹೋಗದೆ ಕೇಳಿದರು. "ಬಸವಲಿಂಗ, ಹೆಸರು ಯಾವುದರ ಮ್ಯಾಲ ಛಂದ ಕಾಣತದ?"

ಪಾತ್ರೆ ಅಂಗಡಿ ಎಂದ ಮೇಲೆ ಹೆಸರು ಹಾಕುವ ಮಷೀನು ಇದ್ದೇ ಇರುತ್ತದೆ. ಮದುವೆ, ಸೀಮಂತ, ಗೃಹಪ್ರವೇಶಕ್ಕೆ ತಂಬಿಗೆ ಕೊಂಡವರು ಅದರ ಮೇಲೆ ಇಂಥವರ ಉಡುಗೊರೆ ಎಂದು ಕೊರೆಸದೆ ಒಯ್ಯುವುದಿಲ್ಲ. ಉಚಿತವಾಗಿ ಕೊಟ್ಟ ವಸ್ತುವಿನ ಮೇಲೆ ಕೊಟ್ಟವರ ಹೆಸರಿಲ್ಲದಿದ್ದರೆ ಅದನ್ನು ಯಾರು ಕೊಟ್ಟಂತಾಯಿತು? ಬಸವಲಿಂಗನ ಮುಖ ಒಮ್ಮೆಲೇ ಬೆಳಗಿತು. ಮೂರು ದಿನದಲ್ಲಿ ಅವನಿಗೆ ಉತ್ತರ ಗೊತ್ತಿದ್ದ ಮೊದಲನೇ ಪ್ರಶ್ನೆ ಇದೇ.

"ಕೆಂಪಿಂದು ಕರೀ ಶಾಫ್ಟ್ ಅದರಿ ಸಾವ್ಕಾರ್ರ. ಕರೀ ಮ್ಯಾಲ ಬಿಳೀ ಅಕ್ಷರ ಮುತ್ತಿನಂಗ ಎದ್ದು ಕಾಣತಾವ. ಬೆಳ್ಳಿ ಬಣ್ಣದ ಮ್ಯಾಲ ಕಾಣಂಗಿಲ್ರಿ."

"ಹಂಗಾರ ಕೆಂಪೇ ಚಲೋ ರಾಕೆಟ್."

"ಬರೋಬ್ಬರಿ ಅದೇರಿ!"

ವರದಿಯ ಕೊನೆಯ ಸಾಲು ನಾನು ಟೈಪ್ ಮಾಡಿದೆ, ತಪ್ಪೊಪ್ಪಿಕೊಳ್ಳುತ್ತೇನೆ. ಆಮೇಲೆ ಗೋಡೆಯಾಚೆ ಮಷೀನು ಗರ್ರ್ ಎಂದು ಶುರುವಾಯಿತು. ತಂಬಿಗೆಯಾದರೆ ಎರಡು ನಿಮಿಷದ ಕೆಲಸ. ಪೆನ್ಸಿಲಿನಷ್ಟು ಸಣ್ಣ ಶಾಫ್ಟಿನ ಮೇಲೆ "ಶ್ರೀ ಜಗದೇವಪ್ಪ ಹತ್ತಿ ವ್ಯಾಪಾರಿಗಳು ಶಹಾಪುರ ಇವರಿಂದ" ಎಂದು ಕೂಡಿಸಲು ಒಂದೂವರೆ ತಾಸು ಹಿಡಿಯಿತು. ಅಕ್ಷರ ತೆಳುವಾಗಿ ಬಂದವೆಂದು ಸಾವ್ಕಾರರು ಎರಡನೇ ಸಲ ಆಳವಾಗಿ ಕೊರೆಸಿದರು.

ಶನಿವಾರ ಹೈಸ್ಕೂಲಿನ ಮೈದಾನದಲ್ಲಿ ರಾಕೆಟ್ ಪ್ರದಾನ ಸಮಾರಂಭ. ಶಾಮಿಯಾನ, ಮೈಕು, ಹಾರ, ಮೂರು ಭಾಷಣ. ಸಾವ್ಕಾರರಿಗೆ ಒಂದು ಶಾಲು, ರಾಕೆಟ್ ತಜ್ಞ ಬಸವಲಿಂಗನಿಗೆ ಒಂದು ಶಾಲು. ಆಡುವ ಹುಡುಗಿಗೆ ಶಾಲು ಇರಲಿಲ್ಲ. ವಾಪಸ್ ಹೋಗಬೇಕಾದ ನೀಲಿ ರಾಕೆಟ್ ಪ್ಲಾಸ್ಟಿಕ್ ಚೀಲದಲ್ಲಿ ಸಾವ್ಕಾರರ ಕುರ್ಚಿಯ ಕೆಳಗಿತ್ತು. ಕೆಂಪನ್ನು ಕೈಗೆ ಕೊಟ್ಟು ಫೋಟೊ ಹೊಡೆಸಿಕೊಂಡ ಮೇಲೆ ಸಾವ್ಕಾರರು ಮೈಕಿನಲ್ಲಿ ಹೇಳಿದರು. "ಎಲ್ಲಿ ತಂಗಿ, ಒಂದು ಸ್ಮ್ಯಾಶ್ ಹೊಡದು ತೋರ್ಸು. ಮಂದಿ ನೋಡಲಿ."

ಮೇಡಂ ಆಚೆ ಕಡೆಯಿಂದ ಶಟಲ್ ಎತ್ತಿ ಕೊಟ್ಟರು. ಕಲ್ಪನಾ ಎರಡು ಹೆಜ್ಜೆ ಹಿಂದೆ ಹೋಗಿ, ನೆಗೆದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದಳು. ಚಟ್ ಎಂದು ಸಪ್ಪಳವಾಯಿತು. ಶಟಲ್ ಎಲ್ಲಿ ಹೋಯಿತೋ ಯಾರೂ ನೋಡಲಿಲ್ಲ. ರಾಕೆಟ್ಟಿನ ತಲೆ ಗಾಳಿಯಲ್ಲಿ ಗಿರಗಿರನೆ ತಿರುಗುತ್ತ ಬಂದು ವೇದಿಕೆಯ ಮೇಲೆ ಸಾವ್ಕಾರರ ಚಪ್ಪಲಿಯ ಹತ್ತಿರ ಬಿತ್ತು. ಅದರ ಜೊತೆ ಬಂದ ತುಂಡಿನ ಮೇಲೆ "ಶ್ರೀ ಜಗದೇವಪ್ಪ" ಎಂದಿತ್ತು. ಹುಡುಗಿಯ ಕೈಯಲ್ಲಿ ಉಳಿದದ್ದು ಹಿಡಿಕೆ ಮತ್ತು "ಹತ್ತಿ ವ್ಯಾಪಾರಿಗಳು ಶಹಾಪುರ ಇವರಿಂದ".

ಆಮೇಲೆ ಸಾವ್ಕಾರರು ಸಿಟ್ಟಿನಿಂದ ಎದ್ದರು.

"ಏನ್ ಹುಡುಗಿ ಇದು! ಒಂದೇ ಏಟಿಗೆ ಹದಿನಾರು ಸಾವಿರದ ಮಾಲು ಮುರದಾಳ! ಆಡೋ ಪದ್ಧತಿನೇ ಗೊತ್ತಿಲ್ಲ ಈಕಿಗೆ. ಮೇಡಂ, ಈಕಿನ್ನ ಕಲಬುರಗಿಗಿ ಕಳಸಬ್ಯಾಡ್ರಿ. ನಮ್ಮೂರ ಮರ್ಯಾದಿ ಹೋಗತದ. ಆ ನೀಲೀದು ಇವತ್ತೇ ಹೈದರಾಬಾದಿಗಿ ವಾಪಸ್!"

ಕಲ್ಪನಾ ಹಿಡಿಕೆ ಹಿಡಿದು ನಿಂತೇ ಇದ್ದಳು. ಬೀರಣ್ಣ ಮಗಳ ಹತ್ತಿರ ಹೋಗಿ ಕಂಬಳಿಯ ತುದಿಯಿಂದ ಅವಳ ಕಣ್ಣು ಒರೆಸಿದ. "ನಡಿಯವ್ವ, ಮನಿಗಿ ಹೋಗೂನು," ಎಂದ. ನಾನು ವೇದಿಕೆಯ ಮೇಲೆ ಸಾವ್ಕಾರರ ಪಕ್ಕದಲ್ಲಿ ಕೂತ ಬಸವಲಿಂಗನನ್ನು ನೋಡಿದೆ. ಅವನ ಮುಖ ಕಪ್ಪಿಟ್ಟಿತ್ತು. ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಎದ್ದು ನಿಂತ.

"ಸಾವ್ಕಾರ್ರ, ಹುಡುಗಿದು ತಪ್ಪಿಲ್ರಿ. ನಾ ಮಷೀನ್ ಹಚ್ಚಿ ಕೊರದಲ್ಲೇ ಮುರದದ ಅದು. ತಪ್ಪು ನಂದು."

ಸಾವ್ಕಾರರು ಅವನ ಹೆಗಲ ಮೇಲೆ ಕೈಯಿಟ್ಟರು. "ನೋಡ್ರಿ, ದೊಡ್ಡ ಮನಸ್ಸು ಅಂದ್ರ ಇದು! ಹುಡುಗಿನ್ನ ಉಳಸಾಕ ತಪ್ಪು ತನ್ನ ಮ್ಯಾಲ ಹಾಕ್ಕೊಳಾಕತ್ತಾನ!"

ಮಂದಿ ಚಪ್ಪಾಳೆ ತಟ್ಟಿದರು.

"ಖರೇನ ಹೇಳಾಕತ್ತೀನ್ರಿ! ನಂಗ ರಾಕೆಟ್ ಬಗ್ಗಿ ಏನೂ ಗೊತ್ತಿಲ್ರಿ!"

ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಮಾತು ಕೇಳಿ ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಮಂದಿ ಮಾತ್ರ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರು ಮೈಕು ಕಸಿದುಕೊಂಡು, "ಮಕ್ಕಳೇ, ತಿಳಿದವರು ತಿಳಿದಿಲ್ಲ ಎನ್ನುತ್ತಾರೆ, ಇದಕ್ಕೆ ವಿನಯ ಎನ್ನುತ್ತಾರೆ, ಎಲ್ಲರೂ ಬರೆದುಕೊಳ್ಳಿರಿ," ಎಂದರು. ಹಲ್ಲಿನ ಡಾಕ್ಟರು ಎದ್ದು ನಿಂತು ತಮ್ಮ ಮೊಣಕೈಯನ್ನು ಸಭೆಗೆ ತೋರಿಸಿದರು.

ಬಸವಲಿಂಗ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಆಮೇಲೆ ಏನನ್ನಿಸಿತೋ, ಬಗ್ಗಿ ಕುರ್ಚಿಯ ಕೆಳಗಿನ ನೀಲಿ ರಾಕೆಟ್ ಎಳೆದುಕೊಂಡು ಮೈದಾನಕ್ಕೆ ಇಳಿದ.

"ಅರೆ, ಹುಷಾರ್ರಿ!" ಎಂದು ಮೇಡಂ ಕೂಗಿದರು.

"ನೋಡ್ರಿ ಎಲ್ಲಾರು. ನಂಗ ಎಷ್ಟು ಗೊತ್ತದ ನೋಡ್ರಿ," ಎಂದು ಅವನು ಶಟಲ್ ಮೇಲಕ್ಕೆ ಬಿಟ್ಟು ಬೀಸಿದ. ಶಟಲ್ ಕಾಲ ಹತ್ತಿರ ಬಿತ್ತು. ಮತ್ತೆ ಎತ್ತಿ ಬೀಸಿದ. ಅದು ತಲೆಯ ಹಿಂದೆ ಬಿತ್ತು. ಮೂರನೇ ಸಲ ಬೀಸಿದ ಭರಕ್ಕೆ ತಾನೇ ಒಂದು ಸುತ್ತು ತಿರುಗಿ ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಂತ. ಶಟಲ್ ಅವನ ಬುಶ್‌ಶರ್ಟಿನ ಕಾಲರಿನೊಳಗೆ ಸಿಕ್ಕಿಕೊಂಡಿತ್ತು.

ಚಪ್ಪಾಳೆ ನಿಂತಿತು. ಕೆಂಪು ಪಾರ್ಟಿಯವರೂ ನೀಲಿ ಪಾರ್ಟಿಯವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಸ್ತೂರಿ ಸೆರಗಿನಿಂದ ಮುಖ ಮುಚ್ಚಿಕೊಂಡಳು, ನಗುವಿಗೋ ಅವಮಾನಕ್ಕೋ ತಿಳಿಯಲಿಲ್ಲ.

"ಇಂವಗ ಆಡಾಕೇ ಬರಂಗಿಲ್ಲ," ಎಂದ ಬೀರಣ್ಣ, ಎಲ್ಲರಿಗೂ ಕೇಳುವಂತೆ.

"ಬರಂಗಿಲ್ಲೋ ಬೀರಣ್ಣ," ಎಂದ ಬಸವಲಿಂಗ. "ಇಂಥಾ ರಾಕೆಟ್ ನಾ ಕೈಯಾಗ ಹಿಡಿದಿದ್ದೇ ಈ ವಾರ. ಅಕ್ಷರ ಛಂದ ಕಾಣತಾವ ಅಂತ ಕೆಂಪು ಬರದು ಕೊಟ್ಟೆ. ಸಾವ್ಕಾರ್ರ, ಮುರದದ್ದರ ಬದಲಿ ನನ್ನ ಅಂಗಡ್ಯಾಗಿಂದು ಏನ್ ಬೇಕಾದ್ರೂ ಒಯ್ರಿ. ಹುಡುಗಿದು ಸೋಮವಾರದ ಆಟ ಮಾತ್ರ ಹಾಳು ಮಾಡಬ್ಯಾಡ್ರಿ."

ಸಾವ್ಕಾರರು ಕಾಲ ಬಳಿಯ ತುಂಡನ್ನು ಎತ್ತಿಕೊಂಡು ಮುರಿದ ಜಾಗ ನೋಡಿದರು. 'ಪ್ಪ'ದ ಒತ್ತಕ್ಷರದ ಹತ್ತಿರವೇ ಮುರಿದಿತ್ತು.

"ಎರಡನೇ ಸಲ ಆಳಕ್ಕ ಕೊರಿ ಅಂದಾವ್ರು ಯಾರ್ರಿ?" ಎಂದು ಮೇಡಂ ಮೆಲ್ಲಗೆ ಕೇಳಿದರು.

ಸಾವ್ಕಾರರು ತುಂಡನ್ನು ಕುರ್ಚಿಯ ಮೇಲಿಟ್ಟರು. "ಮತ್ತ ಯಾವುದು ಚಲೋ ಅನ್ನೋದು ಯಾರಿಗಿ ಗೊತ್ತದ ಈ ಊರಾಗ?" ಎಂದರು.

ಬಸವಲಿಂಗ ನೀಲಿ ರಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕಲ್ಪನಾಳ ಮುಂದೆ ಚಾಚಿದ. ಹುಡುಗಿ ಅಪ್ಪನ ಮುಖ ನೋಡಿ, ಮೇಡಂ ಮುಖ ನೋಡಿ, ತೆಗೆದುಕೊಂಡಳು. ಬಡಿದು ನೋಡಲಿಲ್ಲ, ಕಿವಿಗೆ ಹಿಡಿಯಲಿಲ್ಲ. ಮೇಡಂ ಜೊತೆ ಹತ್ತು ನಿಮಿಷ ಆಡಿದಳು. ಶಟಲ್ ಒಮ್ಮೆ ಮೈದಾನದ ಹಿಂದಿನ ಗೆರೆಗೆ, ಒಮ್ಮೆ ನೆಟ್ಟಿನ ಹತ್ತಿರ, ಅವಳು ಇಟ್ಟಲ್ಲೇ ಬೀಳುತ್ತಿತ್ತು.

"ಇದು ಚಲೋ ಅದರಿ," ಎಂದಳು. "ಆ ಬಿಗಿಯಿಂದು ದೊಡ್ಡವರ ರಟ್ಟಿಗಿ. ನನ್ನ ರಟ್ಟಿಗಿ ಜರಾ ಬಾಗೂದೇ ಬೇಕು. ಬುಧವಾರನೇ ಹಿಡದು ನೋಡಿ ಹೇಳವಳಿದ್ದೆ."

"ಮತ್ತ ಯಾಕ ಹೇಳಲಿಲ್ಲವ್ವ?" ಎಂದರು ಸಾವ್ಕಾರರು.

"ನೀವ್ಯಾರೂ ಕೇಳ್ಳಿಲ್ಲಲ್ರಿ."

ಸಾವ್ಕಾರರು ಒಯ್ಯಿ ಎಂಬಂತೆ ಕೈಮಾಡಿದರು. ಹೈದರಾಬಾದಿನ ಅಂಗಡಿಗೆ ಎರಡೂ ಇಟ್ಟುಕೊಂಡಿದ್ದೇವೆಂದು ಅಲ್ಲಿಂದಲೇ ಫೋನ್ ಮಾಡಿದರು. ಹೆಸರಿನ ಮಾತು ಎತ್ತಲಿಲ್ಲ, ಅದು ಅವರಿಗೆ ಬಹಳ ಕಷ್ಟದ ಕೆಲಸವಾಗಿತ್ತು ಎಂದು ನಾನು ಬಲ್ಲೆ.

ಕಲಬುರಗಿಯಲ್ಲಿ ಕಲ್ಪನಾ ಫೈನಲಿನಲ್ಲಿ ಸೋತಳು, ಆದರೆ ಆಯ್ಕೆಯಾದಳು, ಹಾಸ್ಟೆಲ್ ಸೀಟೂ ಬಂತು. ಅದೆಲ್ಲ ಪೇಪರಿನಲ್ಲಿ ಬಂದಿದೆ. ಪೇಪರಿನಲ್ಲಿ ಬಾರದ ಸಂಗತಿ ಆ ಸೋಮವಾರ ಬೆಳಗಿನದು. ಬಸವಲಿಂಗ ಎರಡು ದಿನದಿಂದ ತಲೆ ತಗ್ಗಿಸಿಕೊಂಡು ಪಾತ್ರೆ ಒರೆಸುತ್ತಿದ್ದ. ಯಾರು ಮಾತಾಡಿಸಿದರೂ ಹೂಂ ಎನ್ನುವುದಷ್ಟೇ. ನಾನೇ ಚಹಾ ತರಿಸಿ ಕೊಟ್ಟರೂ ಆರಿಹೋಗುತ್ತಿತ್ತು. ಬಸ್ಸಿಗೆ ಹೊರಟ ಮೇಡಂ ಮತ್ತು ಕಲ್ಪನಾ ಅವನ ಅಂಗಡಿಯ ಮುಂದೆ ನಿಂತರು. ಹಿಂದೆ ಬೀಳ್ಕೊಡಲು ಬಂದ ಹತ್ತು ಹದಿನೈದು ಮಂದಿ. ಸರ್ವಿಸ್ ಹ್ಯಾಂಗ ಮಾಡಬೇಕು, ಎಲ್ಲಿ ನಿಲ್ಲಬೇಕು, ಮುಂಜಾನಿ ಏನು ತಿನ್ನಬೇಕು ಎಂದು ಎಲ್ಲರೂ ಒಟ್ಟಿಗೇ ಹೇಳುತ್ತಿದ್ದರು.

"ಬಸವಲಿಂಗ ಕಾಕಾ, ನೀವೂ ಬರ್ರಿ," ಎಂದಳು ಕಲ್ಪನಾ.

ಬಸವಲಿಂಗ ಒರೆಸುತ್ತಿದ್ದ ತಂಬಿಗೆ ಕೆಳಗಿಟ್ಟ. "ನಾ ಬಂದು ಏನ್ ಮಾಡಲವ್ವ? ನಂಗೇನೂ ಗೊತ್ತಿಲ್ಲಲ್ಲ."

"ಅದಕ್ಕೇ ಬರ್ರಿ ಕಾಕಾ. ಗೊತ್ತಿದ್ದವರು ಭಾಳ ಮಂದಿ ಆಗ್ಯಾರ."